ಫ್ಲಾರಿಡಾಕ್ಕೆ ಮಾತ್ರ ವಿನಾಯಿತಿ: ಒಂದು ಕಡಲತೀರ, ಹಲವು ಚುನಾವಣೆಗಳು

2018ರ ಜನವರಿ 4ರಂದು ಅಮೆರಿಕದಲ್ಲಿ ಕೇಂದ್ರದ ನೆಲ, ಕಡಲು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಯ ಕಾರ್ಯದರ್ಶಿ (ನಮ್ಮ ಲೆಕ್ಕದಲ್ಲಿ ಸಚಿವ) ರಯಾನ್ ಜಿಂಕಿ ಒಂದು ಕರಡು ಯೋಜನೆ ಹೊರಗೆ ಬಿಟ್ಟರು. ಕೇಂದ್ರ ಸರ್ಕಾರದ ಕೈಯಲ್ಲಿರುವ ಸಮುದ್ರದ ತಳದಲ್ಲಿ ಶೇ. 90ಕ್ಕೂ ಜಾಸ್ತಿ ಭಾಗವನ್ನು ಎಣ್ಣೆ ಮತ್ತು ಗ್ಯಾಸ್ ಕಂಪನಿಗಳಿಗೆ ಗುತ್ತಿಗೆಗೆ ಕೊಡಲು ಪರಿಗಣಿಸುತ್ತೇವೆ ಅಂತ ಅದರಲ್ಲಿತ್ತು. ಅಟ್ಲಾಂಟಿಕ್, ಪೆಸಿಫಿಕ್, ಆರ್ಕ್‌ಟಿಕ್, ಮೆಕ್ಸಿಕೋ ಕೊಲ್ಲಿ, ಎಲ್ಲವೂ ಪಟ್ಟಿಯಲ್ಲಿದ್ದವು. ಇಂಧನಕ್ಕೆ ಹೊರಗಿನವರನ್ನು ನಂಬಿಕೊಂಡಿರಬಾರದು, ನಮ್ಮ ಎಣ್ಣೆ ನಾವೇ ತೆಗೆಯಬೇಕು ಅನ್ನುವುದು ಅಧ್ಯಕ್ಷ ಟ್ರಂಪ್ ಸರ್ಕಾರದ ನಿಲುವು.

ಐದೇ ದಿನ ಕಳೆದಿತ್ತು. ಜನವರಿ 9ರಂದು ಜಿಂಕಿ ಫ್ಲಾರಿಡಾದ ರಾಜಧಾನಿ ಟಲಹಾಸಿಯ ವಿಮಾನ ನಿಲ್ದಾಣಕ್ಕೆ ಬಂದಿಳಿದರು. ಗವರ್ನರ್ ರಿಕ್ ಸ್ಕಾಟ್ ಜೊತೆ ಅಲ್ಲೇ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಇಬ್ಬರೂ ಪತ್ರಕರ್ತರ ಮುಂದೆ ಬಂದರು. ಫ್ಲಾರಿಡಾದ ಸಂಗತಿಯೇ ಬೇರೆ, ಅದರ ಬದುಕು ನಿಂತಿರುವುದು ಪ್ರವಾಸಿಗರ ಮೇಲೆ, ಹಾಗಾಗಿ ಅದರ ಸುತ್ತಲಿನ ಕಡಲನ್ನು ಯೋಜನೆಯಿಂದ ಕೈಬಿಡುತ್ತೇವೆ ಎಂದು ಜಿಂಕಿ ಹೇಳಿದರು.

ಮರುದಿನದಿಂದಲೇ ಬೇರೆ ರಾಜ್ಯಗಳು ಎದ್ದು ಕೂತವು. ಸೌತ್ ಕ್ಯಾರೋಲಿನಾದ ಗವರ್ನರ್ ಹೆನ್ರಿ ಮೆಕ್‌ಮಾಸ್ಟರ್ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದವರೇ. ನಮ್ಮಲ್ಲೂ ಬೀಚ್ ಇದೆ, ನಮ್ಮ ಜನವೂ ಪ್ರವಾಸಿಗರನ್ನೇ ನಂಬಿದ್ದಾರೆ, ನಮಗೂ ವಿನಾಯಿತಿ ಕೊಡಿ ಅಂದರು. ನಾರ್ತ್ ಕ್ಯಾರೋಲಿನಾದ ಡೆಮಾಕ್ರಟಿಕ್ ಗವರ್ನರ್ ರಾಯ್ ಕೂಪರ್ ಕೇಳಿದ್ದೂ ಅದನ್ನೇ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಆರೆಗನ್ ಎಲ್ಲರದ್ದೂ ಒಂದೇ ಪ್ರಶ್ನೆ. ಫ್ಲಾರಿಡಾಕ್ಕೆ ಹಾಕಿದ ಅಳತೆಗೋಲು ನಮಗೆ ಯಾಕಿಲ್ಲ?

ನ್ಯಾಯವಾದ ಪ್ರಶ್ನೆ ಅಲ್ವಾ? ಉತ್ತರ ಸಿಗಲಿಲ್ಲ. ಅದಕ್ಕೇ ಈ ಒಂದು ತೀರದ ಕಥೆಯನ್ನು ಉದ್ದಕ್ಕೆ ಹೇಳಬೇಕು ಅನ್ನಿಸಿತು. ಎಣ್ಣೆ ಎಲ್ಲಿ ತೆಗೆಯಬೇಕು ಅನ್ನುವುದನ್ನು ಎಣ್ಣೆಯ ಅಗತ್ಯ ತೀರ್ಮಾನ ಮಾಡುತ್ತಿಲ್ಲ, ಪಕ್ಷದ ಸಿದ್ಧಾಂತವೂ ತೀರ್ಮಾನ ಮಾಡುತ್ತಿಲ್ಲ. ದುಡ್ಡು ಯಾರಿಗೆ, ಅಪಾಯ ಯಾರಿಗೆ, ಓಟು ಎಲ್ಲಿ ಅನ್ನುವ ಮೂರು ಲೆಕ್ಕಗಳೇ ತೀರ್ಮಾನ ಮಾಡುತ್ತಿವೆ. ಫ್ಲಾರಿಡಾದಲ್ಲಿ ಇದು ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಕಡಲು ಯಾರದು, ದುಡ್ಡು ಯಾರಿಗೆ

ಅಮೆರಿಕದಲ್ಲಿ ಸಮುದ್ರವನ್ನು ಕಾನೂನು ಎರಡು ಪಾಲು ಮಾಡಿದೆ. 1953ರಲ್ಲಿ ಬಂದ ಎರಡು ಕಾಯ್ದೆಗಳೇ ಇದಕ್ಕೆ ತಳಪಾಯ. ತೀರದ ಹತ್ತಿರದ ನೀರು ರಾಜ್ಯದ್ದು, ಅದರಾಚೆ ಕೇಂದ್ರ ಸರ್ಕಾರದ್ದು. ಹೆಚ್ಚಿನ ರಾಜ್ಯಗಳಿಗೆ ಸಿಕ್ಕಿದ್ದು ಮೂರು ನಾಟಿಕಲ್ ಮೈಲಿ ಅಷ್ಟೇ. ಫ್ಲಾರಿಡಾಕ್ಕೆ ಅಟ್ಲಾಂಟಿಕ್ ಕಡೆ ಮೂರು, ಮೆಕ್ಸಿಕೋ ಕೊಲ್ಲಿಯ ಕಡೆ ಸುಮಾರು ಒಂಬತ್ತು.

ಎಣ್ಣೆ, ಗ್ಯಾಸ್ ಇರುವುದು ಬಹುಪಾಲು ಆಚೆ, ಕೇಂದ್ರದ ನೀರಿನಲ್ಲಿ. ಅಲ್ಲಿ ಬಾವಿ ಕೊರೆಯುವ ಕಂಪನಿ ಗುತ್ತಿಗೆಗೆ ಕಟ್ಟುವ ಹಣ, ಆಮೇಲೆ ಕೊಡುವ ರಾಯಲ್ಟಿ, ಬಹಳ ಕಾಲ ಹೆಚ್ಚುಕಮ್ಮಿ ಪೂರ್ತಿ ಕೇಂದ್ರದ ಖಜಾನೆಗೇ ಹೋಗುತ್ತಿತ್ತು. ಎಣ್ಣೆ ಸೋರಿದರೆ ಮಾತ್ರ ಅದು ಬಂದು ಬೀಳುವುದು ರಾಜ್ಯದ ತೀರಕ್ಕೆ. ಈ ಅಸಮತೋಲನವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

2006ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಇದನ್ನು ಸ್ವಲ್ಪ ಸರಿಮಾಡಿತು. ಮೆಕ್ಸಿಕೋ ಕೊಲ್ಲಿಗೆಂದೇ ಬಂದ ಇಂಧನ ಭದ್ರತಾ ಕಾಯ್ದೆ ಅದು. ಕೊಲ್ಲಿಯ ನಡುಭಾಗದಲ್ಲಿ ಸುಮಾರು 83 ಲಕ್ಷ ಎಕರೆ ಹೊಸದಾಗಿ ಗುತ್ತಿಗೆಗೆ ತೆರೆಯಿತು. ಬದಲಿಗೆ ಟೆಕ್ಸಸ್, ಲೂಸಿಯಾನ, ಮಿಸಿಸಿಪ್ಪಿ, ಅಲಬಾಮಾ ಈ ನಾಲ್ಕು ರಾಜ್ಯಗಳಿಗೆ ಬರುವ ಆದಾಯದಲ್ಲಿ ಶೇ. 37.5 ಪಾಲು ಅಂತ ಬರೆಯಿತು. ಫ್ಲಾರಿಡಾಕ್ಕೆ ಆ ಪಾಲಿನಲ್ಲಿ ಒಂದು ಡಾಲರ್ ಕೂಡ ಇಲ್ಲ. ಅದು ಕೇಳಿ ಪಡೆದದ್ದು ಬೇರೆ. ಕೊಲ್ಲಿಯ ಪೂರ್ವ ಭಾಗದಲ್ಲಿ ತನ್ನ ತೀರದಿಂದ 125 ಮೈಲಿಯೊಳಗೆ 2022ರ ಜೂನ್ 30ರವರೆಗೆ ಯಾರೂ ಗುತ್ತಿಗೆ ಕೊಡುವಂತಿಲ್ಲ ಅನ್ನುವ ಮಾತು. ಆಗ ಫ್ಲಾರಿಡಾದ ಇಬ್ಬರು ಸೆನೆಟರ್‌ಗಳಲ್ಲಿ ಮೆಲ್ ಮಾರ್ಟಿನೆಜ್ ರಿಪಬ್ಲಿಕನ್, ಬಿಲ್ ನೆಲ್ಸನ್ ಡೆಮಾಕ್ರಟ್. ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಕಡೆ ನಿಂತಿದ್ದರು.

ಒಂದೇ ಕೊಲ್ಲಿ, ಎರಡು ಬದುಕು

ಲೂಸಿಯಾನದ ಮಾರ್ಗನ್ ಸಿಟಿಯಲ್ಲಿ ಪ್ರತಿವರ್ಷ ಸೆಪ್ಟೆಂಬರ್ ಶುರುವಿನ ಲೇಬರ್ ಡೇ ಸಮಯದಲ್ಲಿ ಒಂದು ಜಾತ್ರೆ ನಡೆಯುತ್ತದೆ. ಅದರ ಹೆಸರು ‘ಶ್ರಿಂಪ್ ಅಂಡ್ ಪೆಟ್ರೋಲಿಯಂ ಫೆಸ್ಟಿವಲ್’. ಸಿಗಡಿಗೂ ಎಣ್ಣೆಗೂ ಸೇರಿ ಒಂದೇ ಹಬ್ಬ. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಆ ಊರಿನವರಿಗೆ ಅದರಲ್ಲಿ ವಿಚಿತ್ರ ಏನೂ ಇಲ್ಲ. ಅಣ್ಣ ಸಿಗಡಿ ದೋಣಿಯಲ್ಲಿ, ತಮ್ಮ ಕಡಲಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್‌ನಲ್ಲಿ. ದಡ ಕಣ್ಣಿಗೆ ಕಾಣದಷ್ಟು ದೂರದಲ್ಲಿ ಜಗತ್ತಿನ ಮೊದಲ ಎಣ್ಣೆ ಬಾವಿ ಕೊರೆದದ್ದು 1947ರಲ್ಲಿ, ಇದೇ ಲೂಸಿಯಾನದ ಕಡಲಿನಲ್ಲಿ. ವೆಲ್ಡರ್, ಕ್ರೇನ್ ಆಪರೇಟರ್, ಹೆಲಿಕಾಪ್ಟರ್ ಪೈಲಟ್, ರಿಗ್‌ಗೆ ಊಟ ಸಾಗಿಸುವ ಬೋಟಿನವರು, ಇಡೀ ಕರಾವಳಿಯ ಸಂಬಳವೇ ಅಲ್ಲಿಂದ ಬರುತ್ತದೆ. ಅವರ ಕಣ್ಣಿನಲ್ಲಿ ಡ್ರಿಲ್ಲಿಂಗ್ ನಿಲ್ಲಿಸಿ ಅನ್ನುವವರು ತಮ್ಮ ಅನ್ನಕ್ಕೆ ಕೈ ಹಾಕುವವರು. ಇದನ್ನು ಹಗುರವಾಗಿ ನೋಡುವುದು ತಪ್ಪು ಅಂತ ನನ್ನ ಅಭಿಪ್ರಾಯ.

ಅದೇ ಕೊಲ್ಲಿಯ ಪೂರ್ವಕ್ಕೆ ಹೋದರೆ ಲೆಕ್ಕವೇ ಬೇರೆ. ಫ್ಲಾರಿಡಾದಲ್ಲಿ ವ್ಯಕ್ತಿಗಳ ಆದಾಯದ ಮೇಲೆ ರಾಜ್ಯ ತೆರಿಗೆ ಇಲ್ಲ. ರಾಜ್ಯ ನಡೆಯುವುದು ಮುಖ್ಯವಾಗಿ ಸೇಲ್ಸ್ ಟ್ಯಾಕ್ಸ್ ಮೇಲೆ. ಆ ಟ್ಯಾಕ್ಸ್‌ನ ದೊಡ್ಡ ಪಾಲನ್ನು ಕಟ್ಟುವವರು ಹೊರಗಿನಿಂದ ಬಂದು ಹೋಟೆಲ್ ಹಿಡಿದು, ಊಟ ಮಾಡಿ, ದೋಣಿ ಬಾಡಿಗೆಗೆ ತೆಗೆದುಕೊಳ್ಳುವ ಜನ. 2017ರಲ್ಲಿ ಅಲ್ಲಿಗೆ ಬಂದವರು 11 ಕೋಟಿಗೂ ಹೆಚ್ಚು. ಅಂದರೆ ಬೀಚ್ ಕೆಟ್ಟರೆ ಹೋಟೆಲಿನವನಿಗಷ್ಟೇ ನಷ್ಟವಲ್ಲ. ಶಾಲೆ, ರಸ್ತೆ, ಪೊಲೀಸು ಎಲ್ಲದಕ್ಕೂ ಹಣ ಕಮ್ಮಿಯಾಗುತ್ತದೆ. ತೀರದುದ್ದಕ್ಕೂ ಮನೆ ಕಟ್ಟಿಕೊಂಡ ನಿವೃತ್ತರಿದ್ದಾರೆ. ಅವರು ತಪ್ಪದೆ ಓಟು ಹಾಕುತ್ತಾರೆ, ಅವರಲ್ಲಿ ರಿಪಬ್ಲಿಕನ್ನರು ಬೇಕಾದಷ್ಟು.

ಇನ್ನೊಂದು ಕಾರಣ ಜಾಸ್ತಿ ಜನರಿಗೆ ಗೊತ್ತಿರುವುದಿಲ್ಲ. ಫ್ಲಾರಿಡಾದ ವಾಯವ್ಯ ಮೂಲೆಯಲ್ಲಿ ಎಗ್ಲಿನ್ ವಾಯುನೆಲೆ ಇದೆ. ಅದರ ಮುಂದೆ ಹರಡಿರುವ ಕಡಲಿನ ಮೇಲೆ ಅಮೆರಿಕದ ಸೇನೆ ಕ್ಷಿಪಣಿ, ಯುದ್ಧವಿಮಾನಗಳ ಪರೀಕ್ಷೆ ನಡೆಸುತ್ತದೆ. ಕೆಳಗೆ ರಿಗ್‌ಗಳು ಎದ್ದು ನಿಂತರೆ ಮೇಲೆ ಪರೀಕ್ಷೆ ಆಗುವುದಿಲ್ಲ. ಅದಕ್ಕೇ ನಕ್ಷೆಯ ಮೇಲೆ ‘ಮಿಲಿಟರಿ ಮಿಷನ್ ಲೈನ್’ ಅಂತ ಒಂದು ಗೆರೆ ಇದೆ. ಅದರ ಪೂರ್ವಕ್ಕೆ ಡ್ರಿಲ್ಲಿಂಗ್ ಬೇಡ ಅಂತ 2017ರಲ್ಲೂ ಪೆಂಟಗನ್ ಪತ್ರ ಬರೆದು ಹೇಳಿತು. ಎಣ್ಣೆ ಪರ ಮಾತಾಡುವ ರಿಪಬ್ಲಿಕನ್ ರಾಜಕಾರಣಿಗೆ ಇದೊಂದು ಒಳ್ಳೆಯ ಆಸರೆ. ಪರಿಸರ ಅನ್ನುವ ಮಾತೇ ಎತ್ತದೆ ಬೇಡ ಅನ್ನಬಹುದು, ಸೇನೆಗೋಸ್ಕರ ಅಂದರೆ ಸಾಕು.

2002ರ ಎರಡು ಘಟನೆ

ಫ್ಲಾರಿಡಾದ ವಾದದಲ್ಲಿ ಒಂದು ಬಿರುಕು ಇದೆ. ಅದನ್ನು ತೋರಿಸಲು 2002 ಸಾಕು.

ಆ ವರ್ಷ ಶ್ವೇತಭವನದಲ್ಲಿ ಜಾರ್ಜ್ ಡಬ್ಲ್ಯೂ. ಬುಷ್. ಫ್ಲಾರಿಡಾದ ಗವರ್ನರ್ ಅವರ ತಮ್ಮ ಜೆಬ್ ಬುಷ್, ನವೆಂಬರ್‌ನಲ್ಲಿ ಮರುಚುನಾವಣೆಗೆ ನಿಂತಿದ್ದವರು. ಪೆನ್ಸಕೋಲಾ ಊರಿನ ಎದುರಿನ ಕಡಲಲ್ಲಿ ಡೆಸ್ಟಿನ್ ಡೋಮ್ ಎಂಬ ಗ್ಯಾಸ್ ನಿಕ್ಷೇಪ ಇತ್ತು. ಅದರ ಗುತ್ತಿಗೆ ಮೊದಲೇ ಶೆವ್ರಾನ್, ಕೊನೊಕೊ, ಮರ್ಫಿ ಕಂಪನಿಗಳ ಕೈಯಲ್ಲಿತ್ತು. ಮೇ ಕೊನೆಯಲ್ಲಿ ಅಣ್ಣನ ಸರ್ಕಾರ 11.5 ಕೋಟಿ ಡಾಲರ್ ಕೊಟ್ಟು ಆ ಗುತ್ತಿಗೆಗಳನ್ನು ವಾಪಸ್ ಪಡೆಯುವುದಾಗಿ ಘೋಷಿಸಿತು. ಅಲಾಸ್ಕದ ವನ್ಯಧಾಮದಲ್ಲಿ ಎಣ್ಣೆ ತೆಗೆಯಲೇಬೇಕು ಅಂತ ಹಟ ಹಿಡಿದಿದ್ದ ಸರ್ಕಾರವೇ ಇದು. ಕ್ಯಾಲಿಫೋರ್ನಿಯಾ ತನ್ನ ತೀರದ ಹಳೆಯ ಗುತ್ತಿಗೆಗಳ ವಿಷಯದಲ್ಲಿ ಇದೇ ಸರ್ಕಾರದ ಜೊತೆ ಕೋರ್ಟಿನಲ್ಲಿ ಹೊಡೆದಾಡುತ್ತಿತ್ತು. ಅದಕ್ಕೆ ಆ ಉದಾರತೆ ಸಿಗಲಿಲ್ಲ.

ಎರಡನೆಯದು ಪೈಪ್‌ಲೈನ್. ಅದೇ 2002ರಲ್ಲಿ ಗಲ್ಫ್‌ಸ್ಟ್ರೀಮ್ ಎಂಬ ಹೊಸ ಗ್ಯಾಸ್ ಪೈಪ್‌ಲೈನ್ ಕೆಲಸ ಶುರುಮಾಡಿತು. ಮಿಸಿಸಿಪ್ಪಿ, ಅಲಬಾಮಾ ಕಡೆಯಿಂದ ಹೊರಟು, ನೂರಾರು ಮೈಲಿ ಕೊಲ್ಲಿಯ ತಳದಲ್ಲೇ ಸಾಗಿ ಟ್ಯಾಂಪಾ ಬೇ ಹತ್ತಿರ ದಡ ಸೇರುತ್ತದೆ. ಬೇರೆಯವರ ಕಡಲಲ್ಲಿ, ಬೇರೆಯವರ ನೆಲದಲ್ಲಿ ತೆಗೆದ ಗ್ಯಾಸ್ ಫ್ಲಾರಿಡಾದ ವಿದ್ಯುತ್ ಸ್ಥಾವರಗಳಿಗೆ ಹರಿಯುತ್ತದೆ. ಇವತ್ತು ಆ ರಾಜ್ಯದ ವಿದ್ಯುತ್ತಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಬರುವುದು ಗ್ಯಾಸಿನಿಂದಲೇ. ರಾಜ್ಯದಲ್ಲಿ ಒಂದು ರಿಫೈನರಿ ಕೂಡ ಇಲ್ಲ. ಕಾರಿಗೆ ಹಾಕುವ ಪೆಟ್ರೋಲ್ ಬಹುಪಾಲು ಹಡಗಿನಲ್ಲಿ ಟ್ಯಾಂಪಾ ಮತ್ತು ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೆ ಬಂದು ಇಳಿಯುತ್ತದೆ.

ತಮ್ಮ ಬೀಚ್ ಕಾಪಾಡಿಕೊಳ್ಳುವುದು ತಪ್ಪಲ್ಲ. ಆದರೆ ಫ್ಲಾರಿಡಾ ಉರಿಸುವ ಹೆಚ್ಚುಕಮ್ಮಿ ಪ್ರತಿಯೊಂದು ಘನ ಅಡಿ ಗ್ಯಾಸಿನ ಅಪಾಯವನ್ನು ಇನ್ನೊಂದು ರಾಜ್ಯದ ಮೀನುಗಾರ, ಇನ್ನೊಂದು ರಾಜ್ಯದ ರಿಗ್ ಕೆಲಸಗಾರ ಹೊತ್ತಿದ್ದಾನೆ. ಬಳಕೆ ಕಮ್ಮಿ ಮಾಡುವ ಮಾತನ್ನೂ ಜೊತೆಗೆ ಆಡಿದ್ದರೆ ಆ ರಾಜ್ಯದ ‘ಬೇಡ’ಕ್ಕೆ ಇನ್ನೂ ತೂಕ ಬರುತ್ತಿತ್ತು. ವರ್ಷವಿಡೀ ಬಿಸಿಲು ಬೀಳುವ ರಾಜ್ಯ ಅದು. ಸೌರಶಕ್ತಿಗೆ ಅಲ್ಲಿ ಜೋರು ಸಿಕ್ಕಿದ್ದು ಬಹಳ ತಡವಾಗಿ.

2008ರ ಬೇಸಿಗೆ: ನಿಲುವು ಕರಗಿದ ದಿನಗಳು

ಅಷ್ಟು ಗಟ್ಟಿಯಾಗಿದ್ದ ಫ್ಲಾರಿಡಾದ ನಿಲುವು ಒಮ್ಮೆ ಕರಗಿತು. ಕರಗಿಸಿದ್ದು ಪೆಟ್ರೋಲ್ ಬಂಕಿನ ಬೋರ್ಡು.

2008ರ ಜುಲೈನಲ್ಲಿ ಕಚ್ಚಾ ಎಣ್ಣೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿತು. ಅದು ಅಧ್ಯಕ್ಷರ ಚುನಾವಣೆಯ ವರ್ಷ. ಅಲ್ಲಿಯವರೆಗೆ ಹೊರಗಡಲಲ್ಲಿ ಡ್ರಿಲ್ಲಿಂಗ್ ನಿಷೇಧದ ಪರವಾಗಿದ್ದ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಜೂನ್‌ನಲ್ಲಿ ನಿಲುವು ಬದಲಿಸಿ, ತೀರ್ಮಾನ ರಾಜ್ಯಗಳಿಗೆ ಬಿಡೋಣ ಅಂದರು. ಅದೇ ಹೊತ್ತಿಗೆ ಫ್ಲಾರಿಡಾದ ಗವರ್ನರ್ ಚಾರ್ಲಿ ಕ್ರಿಸ್ಟ್ ಕೂಡ ಬದಲಾದರು. ಮೆಕೇನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರು ಓಡಾಡುತ್ತಿತ್ತು ಅನ್ನುವುದನ್ನೂ ಇಲ್ಲಿ ನೆನೆಯಬೇಕು. ಜುಲೈ 14ರಂದು ಅಧ್ಯಕ್ಷ ಬುಷ್, 1990ರಲ್ಲಿ ಸ್ವತಃ ಅವರ ತಂದೆ ಹೇರಿದ್ದ ನಿಷೇಧಾಜ್ಞೆಯನ್ನು ತೆಗೆದುಹಾಕಿದರು. 1980ರ ದಶಕದ ಶುರುವಿನಿಂದ ಕಾಂಗ್ರೆಸ್ ವರ್ಷವರ್ಷವೂ ಮುಂದುವರಿಸಿಕೊಂಡು ಬಂದಿದ್ದ ನಿಷೇಧವೂ ಸೆಪ್ಟೆಂಬರ್ ಕೊನೆಗೆ ಮುಗಿದುಹೋಯಿತು. ರಿಪಬ್ಲಿಕನ್ ಸಮಾವೇಶದಲ್ಲಿ ಪಕ್ಷದ ನಾಯಕ ಮೈಕೆಲ್ ಸ್ಟೀಲ್ ‘ಡ್ರಿಲ್ ಬೇಬಿ ಡ್ರಿಲ್’ ಅಂತ ಕೂಗಿದ್ದು ಇದೇ ಸೆಪ್ಟೆಂಬರ್‌ನಲ್ಲಿ. ಸಭಾಂಗಣ ಅದನ್ನೇ ಮತ್ತೆ ಮತ್ತೆ ಕೂಗಿತು. 2006ರ ಕಾಯ್ದೆ ಇದ್ದದ್ದರಿಂದ ಕೊಲ್ಲಿಯ ಪೂರ್ವ ಭಾಗ ಮಾತ್ರ ಉಳಿದುಕೊಂಡಿತು.

ಹಾಗಾದರೆ ಬೆಲೆ ಇಳಿಯಿತಾ? ಇಳಿಯಿತು. ಡಿಸೆಂಬರ್ ಹೊತ್ತಿಗೆ ಕಚ್ಚಾ ಎಣ್ಣೆ 40 ಡಾಲರ್‌ಗಿಂತ ಕೆಳಗೆ ಬಂದಿತ್ತು. ಆದರೆ ಆ ಐದು ತಿಂಗಳಲ್ಲಿ ನಿಷೇಧ ತೆಗೆದ ಕಡಲಲ್ಲಿ ಒಂದೇ ಒಂದು ಬಾವಿಯೂ ಕೊರೆದಿರಲಿಲ್ಲ. ಬೆಲೆ ಬಿದ್ದದ್ದು ಜಗತ್ತಿನ ಆರ್ಥಿಕತೆಯೇ ಕುಸಿದದ್ದರಿಂದ. ನಿಷೇಧ ತೆಗೆದರೂ 2030ಕ್ಕೆ ಮೊದಲು ಉತ್ಪಾದನೆ, ಬೆಲೆ ಎರಡರ ಮೇಲೂ ಹೇಳಿಕೊಳ್ಳುವಂಥ ಪರಿಣಾಮ ಆಗುವುದಿಲ್ಲ ಅಂತ ಅಮೆರಿಕ ಸರ್ಕಾರದ್ದೇ ಇಂಧನ ಮಾಹಿತಿ ಸಂಸ್ಥೆ 2007ರಲ್ಲೇ ಬರೆದಿತ್ತು. ಕಾರಣ ಸರಳ. ಗುತ್ತಿಗೆ ಹರಾಜು, ಭೂಕಂಪನ ಸಮೀಕ್ಷೆ, ಪರೀಕ್ಷಾ ಬಾವಿ, ಪ್ಲಾಟ್‌ಫಾರ್ಮ್, ಪೈಪ್‌ಲೈನ್, ಇಷ್ಟೆಲ್ಲ ಆಗಿ ಮೊದಲ ಹನಿ ಬರಲು ವರ್ಷಗಟ್ಟಲೆ ಬೇಕು. ಬಂದ ಎಣ್ಣೆಯೂ ಹೋಗಿ ಸೇರುವುದು ಜಾಗತಿಕ ಮಾರುಕಟ್ಟೆಗೆ. ಅಲ್ಲಿ ಬೆಲೆ ಕಟ್ಟುವುದು ಇಡೀ ಜಗತ್ತಿನ ಬೇಡಿಕೆ, ಪೂರೈಕೆ.

ಈ ಸತ್ಯ ಗೊತ್ತಿದ್ದೂ ಜನರ ಮುಂದೆ ಬೇರೆ ಮಾತು ಆಡಿದ್ದು ನನಗೆ ಸಿಟ್ಟು ತರಿಸುತ್ತದೆ. ಕೆಲಸಕ್ಕೆ ಹೋಗಲು ದಿನಾ ನಲವತ್ತು ಮೈಲಿ ಕಾರು ಓಡಿಸುವವನಿಗೆ 4 ಡಾಲರ್ ಪೆಟ್ರೋಲ್ ನಿಜವಾದ ಕಷ್ಟ. ಅವನಿಗೆ ಬೇಕಿದ್ದದ್ದು ನಿಜವಾದ ಉತ್ತರ.

ಮಕೊಂಡೊ

ನಂತರ ಫ್ಲಾರಿಡಾದ ವಿಧಾನಸಭೆಯೇ ಒಂದು ಹೆಜ್ಜೆ ಮುಂದೆ ಹೋಯಿತು. ರಾಜ್ಯದ ಸ್ವಂತ ನೀರಿನಲ್ಲಿ, ಅಂದರೆ ಬೀಚಿನಿಂದ ಹತ್ತು ಮೈಲಿಯೊಳಗೆ, ಡ್ರಿಲ್ಲಿಂಗ್‌ಗೆ ದಾರಿ ಮಾಡುವ ಮಸೂದೆಯನ್ನು 2009ರ ಏಪ್ರಿಲ್‌ನಲ್ಲಿ ಕೆಳಮನೆ ಪಾಸು ಮಾಡಿತು. ಮೇಲ್ಮನೆಯಾದ ರಾಜ್ಯದ ಸೆನೆಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2010ರ ಮಾರ್ಚ್ 31ರಂದು ಅಧ್ಯಕ್ಷ ಒಬಾಮಾ ಕೂಡ ಅಟ್ಲಾಂಟಿಕ್ ತೀರದ ಕೆಲ ಭಾಗ ಮತ್ತು ಕೊಲ್ಲಿಯ ಪೂರ್ವದ ಕೆಲ ಭಾಗ ತೆರೆಯುವ ಯೋಜನೆ ಪ್ರಕಟಿಸಿದರು.

ಇಪ್ಪತ್ತು ದಿನಗಳ ನಂತರ, ಏಪ್ರಿಲ್ 20ರ ರಾತ್ರಿ, ಲೂಸಿಯಾನದ ತೀರದಿಂದ ಸುಮಾರು 40 ಮೈಲಿ ಆಚೆ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿತು. 11 ಕೆಲಸಗಾರರು ಸತ್ತರು. ಬಿಪಿ ಕಂಪನಿಯ ಮಕೊಂಡೊ ಬಾವಿಯಿಂದ 87 ದಿನ ಎಣ್ಣೆ ಉಕ್ಕಿತು. ಸರ್ಕಾರದ ಅಂದಾಜು 49 ಲಕ್ಷ ಬ್ಯಾರೆಲ್.

ಆ ಬಾವಿ ಫ್ಲಾರಿಡಾದ ಕಡಲಲ್ಲಿ ಇರಲಿಲ್ಲ. ಗೆರೆಯಾಚೆ, ನೂರು ಮೈಲಿಗೂ ಹೆಚ್ಚು ದೂರದಲ್ಲಿತ್ತು. ಆದರೂ ಜೂನ್ ಕೊನೆಯ ವಾರ ಪೆನ್ಸಕೋಲಾ ಬೀಚಿಗೆ ಎಣ್ಣೆ ಬಂದು ಬಡಿಯಿತು. ಅಲ್ಲಿನ ಮರಳು ಸ್ಫಟಿಕ ಶಿಲೆಯ ಪುಡಿ, ಸಕ್ಕರೆಯಷ್ಟು ಬಿಳುಪು. ಆ ಬಿಳುಪಿನ ಮೇಲೆ ಕಂದು ಬಣ್ಣದ ಅಂಟು ಪಟ್ಟೆ, ಅಲೆ ಬಂದು ಹೋದ ಅಷ್ಟುದ್ದಕ್ಕೂ. ಬೂಟು ಹಾಕಿಕೊಂಡ ಕೆಲಸಗಾರರು ಸಾಲಾಗಿ ನಿಂತು ಸಲಿಕೆಯಿಂದ ಮರಳಿನ ಸಮೇತ ಕೆರೆದು ಪ್ಲಾಸ್ಟಿಕ್ ಚೀಲಗಳಿಗೆ ತುಂಬುತ್ತಿದ್ದರು. ಒಂದು ಕಡೆ ಎತ್ತಿದರೆ ಮುಂದಿನ ಅಲೆ ಮತ್ತೆ ತಂದು ಹಾಕುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಟಾರ್ ಉಂಡೆಗಳು ಕರಗಿ ಇನ್ನೂ ಆಳಕ್ಕೆ ಇಳಿಯುತ್ತಿದ್ದವು.

ಆ ಬೇಸಿಗೆಯಲ್ಲಿ ಕೊಲ್ಲಿಯ ಕೇಂದ್ರ ನೀರಿನಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಭಾಗದಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಿದ್ದರು. ಎಣ್ಣೆ ಕಾಣಿಸಿಕೊಂಡದ್ದು ರಾಜ್ಯದ ವಾಯವ್ಯ ತೀರದಲ್ಲಿ ಮಾತ್ರ. ಆದರೆ ಎಣ್ಣೆಯ ಒಂದು ಹನಿಯೂ ಮುಟ್ಟದ, ನೂರಾರು ಮೈಲಿ ದಕ್ಷಿಣದ ಊರುಗಳಲ್ಲೂ ಜನ ರೂಮ್ ಕ್ಯಾನ್ಸಲ್ ಮಾಡಿದರು. ನಮ್ಮ ಬೀಚ್ ಶುದ್ಧವಾಗಿದೆ ಬನ್ನಿ ಅಂತ ಜಾಹೀರಾತು ಕೊಡಲು ಬಿಪಿಯಿಂದ ಫ್ಲಾರಿಡಾ 2.5 ಕೋಟಿ ಡಾಲರ್ ಪಡೆಯಬೇಕಾಯಿತು. ಟಿವಿಯಲ್ಲಿ ಬಂದ ಚಿತ್ರವೇ ಸಾಕಾಗಿತ್ತು, ವ್ಯಾಪಾರ ಕೆಡಿಸಲು. ದುಡ್ಡಿನ ಲೆಕ್ಕದಲ್ಲಿ ಫ್ಲಾರಿಡಾದ ಭಯ ಸುಮ್ನೆ ಭಯವಲ್ಲ ಅನ್ನುವುದು ಆಗ ಸಾಬೀತಾಯಿತು.

ಕ್ರಿಸ್ಟ್ ಏಪ್ರಿಲ್ ಕೊನೆಯಲ್ಲೇ ವಿಮಾನದಲ್ಲಿ ಹೋಗಿ ಕಡಲ ಮೇಲೆ ಹರಡಿದ ಎಣ್ಣೆ ನೋಡಿ ಬಂದು, ಡ್ರಿಲ್ಲಿಂಗ್ ಬೇಡವೇ ಬೇಡ ಅಂದರು. ಅದೇ ದಿನಗಳಲ್ಲಿ ರಿಪಬ್ಲಿಕನ್ ಪಕ್ಷವನ್ನೂ ಬಿಟ್ಟರು. ರಾಜ್ಯದ ನೀರಿನಲ್ಲಿ ಡ್ರಿಲ್ಲಿಂಗ್ ನಿಷೇಧವನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಲು ಜುಲೈನಲ್ಲಿ ವಿಶೇಷ ಅಧಿವೇಶನ ಕರೆದರು. ಶಾಸಕರು ಬಂದರು, ವಿಷಯ ಚರ್ಚೆಗೇ ತೆಗೆದುಕೊಳ್ಳದೆ ಅದೇ ದಿನ ಮುಗಿಸಿ ಹೋದರು. ಡಿಸೆಂಬರ್‌ನಲ್ಲಿ ಒಬಾಮಾ ಸರ್ಕಾರ ಪೂರ್ವ ಕೊಲ್ಲಿ ಮತ್ತು ಅಟ್ಲಾಂಟಿಕ್ ತೆರೆಯುವ ಯೋಜನೆ ಕೈಬಿಟ್ಟಿತು.

ಅದೇ ಜುಲೈನಲ್ಲಿ ಲೂಸಿಯಾನದ ಲಫಾಯೆಟ್‌ನಲ್ಲಿ ಸಾವಿರಾರು ಜನ ಸೇರಿದ್ದರು. ಅಪಘಾತದ ನಂತರ ಆಳ ಸಮುದ್ರದ ಡ್ರಿಲ್ಲಿಂಗ್ ಮೇಲೆ ಒಬಾಮಾ ಹೇರಿದ್ದ ತಾತ್ಕಾಲಿಕ ತಡೆ ತೆಗೆಯಿರಿ ಅಂತ ಅವರ ಬೇಡಿಕೆ. ಎಣ್ಣೆ ಅವರ ಜೌಗು ತೀರಕ್ಕೇ ಎಲ್ಲರಿಗಿಂತ ಜಾಸ್ತಿ ಬಡಿದಿತ್ತು. ಆದರೂ ರಿಗ್ ನಿಂತರೆ ಸಂಬಳ ನಿಲ್ಲುತ್ತದೆ ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಒಂದೇ ಅಪಘಾತ, ಒಂದೇ ಎಣ್ಣೆ, ಎರಡು ತೀರಗಳಲ್ಲಿ ಎರಡು ರಾಜಕೀಯ.

ಓಟಿನ ಲೆಕ್ಕ

ಈಗ 2018ರ ಆ ವಿಮಾನ ನಿಲ್ದಾಣದ ಭೇಟಿಯನ್ನು ಮತ್ತೆ ನೋಡಬಹುದು. ಸ್ಕಾಟ್ ಆ ವರ್ಷ ಸೆನೆಟ್‌ಗೆ ನಿಲ್ಲುವ ತಯಾರಿಯಲ್ಲಿದ್ದರು. ಎದುರಾಳಿ ಬಿಲ್ ನೆಲ್ಸನ್, ದಶಕಗಳಿಂದ ಕಡಲ ಡ್ರಿಲ್ಲಿಂಗ್ ವಿರೋಧಿಸಿಕೊಂಡೇ ಬಂದವರು. ಟ್ರಂಪ್ ಸರ್ಕಾರದ ಕರಡು ಯೋಜನೆ ನೆಲ್ಸನ್ ಕೈಗೆ ಸಿಕ್ಕ ಅಸ್ತ್ರ. ಐದು ದಿನದಲ್ಲಿ ಜಿಂಕಿ ಅದನ್ನು ಕಿತ್ತುಕೊಂಡರು. ನವೆಂಬರ್‌ನಲ್ಲಿ ಸ್ಕಾಟ್ ಗೆದ್ದದ್ದು ಮರುಎಣಿಕೆಯ ನಂತರ, ಸುಮಾರು 10,000 ಓಟುಗಳಿಂದ. ಬಿದ್ದ ಓಟು 81 ಲಕ್ಷಕ್ಕೂ ಹೆಚ್ಚು. ಆ ಒಂದು ಭೇಟಿಯೇ ಗೆಲ್ಲಿಸಿತು ಅಂತ ನಾನು ಹೇಳುವುದಿಲ್ಲ. ಇಷ್ಟು ಕೂದಲೆಳೆಯ ಸ್ಪರ್ಧೆಯಲ್ಲಿ ಅದು ಯಾಕೆ ಬೇಕಾಯಿತು ಅನ್ನುವುದು ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ.

ಆ ವಿನಾಯಿತಿಗೆ ಕಾನೂನಿನ ಬಲ ಇರಲೇ ಇಲ್ಲ. ಹತ್ತೇ ದಿನದಲ್ಲಿ, ಇಲಾಖೆಯ ಅಧಿಕಾರಿಯೊಬ್ಬರು ಕಾಂಗ್ರೆಸ್ ಸಮಿತಿಯ ಮುಂದೆ, ಫ್ಲಾರಿಡಾದ ಕಡಲು ಇನ್ನೂ ನಮ್ಮ ವಿಶ್ಲೇಷಣೆಯಲ್ಲಿ ಇದೆ ಅಂದರು. ಕೊನೆಗೆ ಇಡೀ ಯೋಜನೆ ಬೇರೆ ಕಾರಣಕ್ಕೆ ನಿಂತಿತು. ಒಬಾಮಾ ಕಾಯ್ದಿರಿಸಿದ್ದ ಆರ್ಕ್‌ಟಿಕ್ ಕಡಲನ್ನು ಟ್ರಂಪ್ ಮತ್ತೆ ತೆರೆದದ್ದು ಕಾನೂನುಬಾಹಿರ ಅಂತ ಅಲಾಸ್ಕದ ಫೆಡರಲ್ ನ್ಯಾಯಾಧೀಶರು 2019ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟರು. ಮುಂದಿನ ತಿಂಗಳೇ ಯೋಜನೆ ಮೂಲೆ ಸೇರಿತು.

ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ 2018ರ ನವೆಂಬರ್‌ನಲ್ಲಿ ಜನರೇ ಮಾಡಿದ ಕೆಲಸ. ಮತಪತ್ರದಲ್ಲಿ ರಾಜ್ಯದ ಸಂವಿಧಾನಕ್ಕೆ ‘ತಿದ್ದುಪಡಿ 9’ ಅಂತ ಒಂದು ಪ್ರಶ್ನೆ ಇತ್ತು. ರಾಜ್ಯದ ನೀರಿನಲ್ಲಿ ಎಣ್ಣೆ, ಗ್ಯಾಸ್ ಡ್ರಿಲ್ಲಿಂಗ್ ನಿಷೇಧಿಸಬೇಕೆ, ಜೊತೆಗೆ ಕಚೇರಿಗಳ ಒಳಗೆ ಇ-ಸಿಗರೇಟ್ ಸೇದುವುದನ್ನು ನಿಷೇಧಿಸಬೇಕೆ ಅಂತ. ಎರಡು ಸಂಬಂಧವಿಲ್ಲದ ವಿಷಯ, ಒಂದೇ ಪ್ರಶ್ನೆ. ಪಾಸಾಗಲು ಶೇ. 60 ಬೇಕಿತ್ತು. ಸುಮಾರು ಶೇ. 69 ಬಂತು. ಸೆನೆಟರ್, ಗವರ್ನರ್ ಯಾರಾಗಬೇಕು ಅನ್ನುವುದರಲ್ಲಿ ಸರಿಯಾಗಿ ಅರ್ಧಕ್ಕೆ ಒಡೆದಿದ್ದ ರಾಜ್ಯ ಕಡಲಿನ ವಿಷಯದಲ್ಲಿ ಒಂದಾಗಿತ್ತು. 2010ರಲ್ಲಿ ಶಾಸಕರು ಮುಟ್ಟಲೂ ಒಪ್ಪದ ಪ್ರಶ್ನೆಯನ್ನು ಮತದಾರರು ಮುಗಿಸಿದರು.

ಆದರೆ ಅದು ರಾಜ್ಯದ ನೀರಿಗೆ ಮಾತ್ರ. ಆಚೆಯದು ಕೇಂದ್ರದ್ದೇ. 2020ರ ಸೆಪ್ಟೆಂಬರ್ 8ರಂದು, ಮತ್ತೊಂದು ಚುನಾವಣೆಗೆ ಎರಡು ತಿಂಗಳು ಇರುವಾಗ, ಟ್ರಂಪ್ ಫ್ಲಾರಿಡಾದ ಜುಪಿಟರ್ ಎಂಬ ಊರಿಗೆ ಬಂದು ಆದೇಶವೊಂದಕ್ಕೆ ಸಹಿ ಹಾಕಿದರು. 2022ಕ್ಕೆ ಮುಗಿಯಬೇಕಿದ್ದ ಪೂರ್ವ ಕೊಲ್ಲಿಯ ನಿಷೇಧ 2032ರ ಜೂನ್ 30ರವರೆಗೆ ಮುಂದುವರಿಯಿತು. ಫ್ಲಾರಿಡಾ, ಜಾರ್ಜಿಯಾ, ಸೌತ್ ಕ್ಯಾರೋಲಿನಾಗಳ ಅಟ್ಲಾಂಟಿಕ್ ತೀರವೂ ಸೇರಿತು. ತಿಂಗಳ ಕೊನೆಗೆ ನಾರ್ತ್ ಕ್ಯಾರೋಲಿನಾಗೂ ಅದೇ ಸಿಕ್ಕಿತು. ಅವಸರದಲ್ಲಿ ಬರೆದ ಆದೇಶ ಎಲ್ಲ ಬಗೆಯ ಗುತ್ತಿಗೆಯನ್ನೂ ತಡೆದದ್ದರಿಂದ ಆ ತೀರಗಳಲ್ಲಿ ಗಾಳಿಯಂತ್ರಗಳ ಗುತ್ತಿಗೆಯೂ ಸಿಕ್ಕಿಹಾಕಿಕೊಂಡಿತು. ಅದನ್ನು ಬಿಡಿಸಲು 2022ರಲ್ಲಿ ಕಾಂಗ್ರೆಸ್ ಕಾನೂನು ಮಾಡಬೇಕಾಯಿತು.

ಸ್ವಾವಲಂಬನೆಯ ವಾದ ಎಲ್ಲಿ ನಿಲ್ಲುತ್ತದೆ

ದೇಶ ತನ್ನ ಇಂಧನ ತಾನೇ ತೆಗೆಯಬೇಕು ಅನ್ನುವ ವಾದದಲ್ಲಿ ಹುರುಳಿದೆ. ಆಮದು ಜಾಸ್ತಿಯಾದರೆ ಹೊರಗಿನ ಯುದ್ಧ, ಹೊರಗಿನ ಒತ್ತಡ ಎರಡಕ್ಕೂ ತಲೆ ಕೊಡಬೇಕು. ಕೆಲಸವೂ ಬೇರೆ ದೇಶಕ್ಕೆ ಹೋಗುತ್ತದೆ. ಆದರೆ ಅಮೆರಿಕದ ಅನುಭವವನ್ನೇ ನೋಡಿ. 2008ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದ ದೇಶ 2019ಕ್ಕೆ 1.2 ಕೋಟಿ ದಾಟಿತು. ಆ ಏರಿಕೆಯ ಬಹುಪಾಲು ಬಂದದ್ದು ನೆಲದ ಮೇಲೆ, ಟೆಕ್ಸಸ್, ನಾರ್ತ್ ಡಕೋಟಾ, ನ್ಯೂಮೆಕ್ಸಿಕೋದ ಶೇಲ್ ಬಂಡೆಗಳಿಂದ. ಫ್ಲಾರಿಡಾದ ಕಡಲು ಮುಟ್ಟಲೇ ಇಲ್ಲ. ಶೇಲ್‌ಗೂ ಅದರದೇ ಹಾನಿ ಇದೆ, ಅದು ಬೇರೆ ಚರ್ಚೆ. ಇಷ್ಟು ಉತ್ಪಾದನೆ ಇದ್ದರೂ 2022ರ ಜೂನ್‌ನಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 5 ಡಾಲರ್ ಮುಟ್ಟಿತು. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ್ದಕ್ಕೆ ಜಗತ್ತಿನ ಬೆಲೆಯೇ ಏರಿತ್ತು. ಬಂಕಿನ ಬೋರ್ಡಿಗೂ ನಮ್ಮ ಬಾವಿಗಳ ಸಂಖ್ಯೆಗೂ ನೇರ ಗಂಟು ಹಾಕುವವರು 2008 ಮತ್ತು 2022, ಈ ಎರಡು ವರ್ಷಗಳನ್ನು ವಿವರಿಸಬೇಕು.

ಈಗಿರುವ ಸ್ಥಿತಿ

2025ರ ಜನವರಿ 6ರಂದು, ಅಧಿಕಾರ ಬಿಡುವ ಎರಡು ವಾರ ಮೊದಲು, ಬೈಡನ್ 62.5 ಕೋಟಿ ಎಕರೆ ಕಡಲನ್ನು ಹೊಸ ಗುತ್ತಿಗೆಯಿಂದ ಹೊರಗಿಟ್ಟರು. ಪೂರ್ವ ಕೊಲ್ಲಿ, ಇಡೀ ಅಟ್ಲಾಂಟಿಕ್ ತೀರ ಅದರಲ್ಲಿದ್ದವು. ಜನವರಿ 20ರಂದು ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದ ಮೊದಲ ದಿನವೇ ಅದನ್ನು ರದ್ದು ಮಾಡಿದರು. ನವೆಂಬರ್‌ನಲ್ಲಿ ಇಂಟೀರಿಯರ್ ಇಲಾಖೆ ಹೊಸ ಕರಡು ತಂದಿತು. ಒಟ್ಟು 34 ಹರಾಜುಗಳ ಪ್ರಸ್ತಾವ. ದಶಕಗಳಿಂದ ಹೊಸ ಗುತ್ತಿಗೆಯೇ ಕಾಣದ ಕ್ಯಾಲಿಫೋರ್ನಿಯಾದ ತೀರವೂ ಸೇರಿದೆ. ಅಟ್ಲಾಂಟಿಕ್ ಇಲ್ಲ. ಕೊಲ್ಲಿಯಲ್ಲಿ ಫ್ಲಾರಿಡಾದ ಕಡೆಗೆ ಒಂದು ಹೊಸ ಭಾಗವನ್ನು ಸೇರಿಸಿದ್ದಾರೆ. ಇದನ್ನು ವಿರೋಧಿಸಿ ಮೊದಲು ಮಾತಾಡಿದವರಲ್ಲಿ ಈಗ ಸೆನೆಟರ್ ಆಗಿರುವ ರಿಕ್ ಸ್ಕಾಟ್ ಕೂಡ ಒಬ್ಬರು.

ನಾನು ಕೇಳುವುದು ಇಷ್ಟೇ. ಪ್ರವಾಸಿಗರನ್ನು ನಂಬಿದ ತೀರ ಅನ್ನುವುದು ವಿನಾಯಿತಿಗೆ ಕಾರಣವಾದರೆ ಅದನ್ನು ಕಾಯ್ದೆಯಲ್ಲಿ ಬರೆಯಲಿ. ಓಟು ಗಟ್ಟಿಯಾಗಿರುವ ರಾಜ್ಯಕ್ಕೂ ಇಲ್ಲದ ರಾಜ್ಯಕ್ಕೂ ಅದೇ ಅನ್ವಯವಾಗಲಿ. ಚುನಾವಣೆಗೊಮ್ಮೆ ಸಹಿ ಹಾಕಿ, ಚುನಾವಣೆಗೊಮ್ಮೆ ಅಳಿಸುವ ರಕ್ಷಣೆಯನ್ನು ನಂಬಿ ಯಾವ ಮೀನುಗಾರನೂ ಸಾಲ ತೆಗೆದು ದೋಣಿ ಕೊಳ್ಳಲಾರ. ಎಣ್ಣೆ ಕಂಪನಿಗೂ ಹತ್ತು ವರ್ಷದ ಯೋಜನೆ ಹಾಕಲು ಆಗುವುದಿಲ್ಲ. ಹೊಸ ಕರಡಿನಲ್ಲಿ ಫ್ಲಾರಿಡಾದ ತೀರದಿಂದ ಕನಿಷ್ಠ 100 ಮೈಲಿ ದೂರ ಕಾಯ್ದುಕೊಳ್ಳುತ್ತೇವೆ ಅಂದಿದ್ದಾರೆ. ಮಕೊಂಡೊದಿಂದ ಪೆನ್ಸಕೋಲಾಕ್ಕೆ ಎಣ್ಣೆ ಅದಕ್ಕಿಂತ ದೂರ ಬಂದಿತ್ತು.